ಕಿರಿಯರ ಪದಕ, ಹಿರಿಯರ ಕಣ

ಪುಣೆಯ ಮಾರ್ಕೆಟ್ ಯಾರ್ಡಿನಲ್ಲಿ ಬೆಳಗಾಗುವುದು ಸೂರ್ಯೋದಯಕ್ಕಿಂತ ಬಹಳ ಮುಂಚೆ. ಈರುಳ್ಳಿ, ಬೆಲ್ಲ, ಹೂವುಗಳ ಲಾರಿಗಳು ಸಾಲುಗಟ್ಟಿ ನಿಂತಿರುವ ಆ ಹೊತ್ತಿನಲ್ಲೇ ಗುಲ್ಟೇಕಡಿ, ಬಿಬ್ವೇವಾಡಿಗಳ ಬೀದಿಗಳಲ್ಲಿ ಹೆಗಲಿಗೆ ಚೀಲ ಹಾಕಿಕೊಂಡು ತಂದೆಯ ಸ್ಕೂಟರಿನ ಹಿಂದೆ ಕುಳಿತು ಈಜುಕೊಳಕ್ಕೋ ಸ್ಕೇಟಿಂಗ್ ಅಂಗಳಕ್ಕೋ ಹೊರಟ ಬಾಲಕಿಯರೂ ಕಾಣಸಿಗುತ್ತಾರೆ. ಅವರಲ್ಲಿ ಕನ್ನಡಿಗರ ಮನೆಯ ಮಕ್ಕಳು ಕಡಿಮೆಯೇನಲ್ಲ. ವ್ಯಾಪಾರಕ್ಕೆಂದು, ಹೋಟೆಲಿಗೆಂದು, ನೌಕರಿಗೆಂದು ನಾಡಿನಿಂದ ಬಂದು ನೆಲೆಸಿದ ಕುಟುಂಬಗಳ ಷೋಕೇಸಿನಲ್ಲಿ ಈಗ ಮೈಸೂರಿನ ಗಂಧದ ಆನೆಯ ಪಕ್ಕದಲ್ಲಿ ಮಗಳ ಪದಕಗಳೂ ಸ್ಥಾನ ಪಡೆದಿವೆ. ಹನ್ನೊಂದು ಹನ್ನೆರಡರ ವಯಸ್ಸಿನಲ್ಲಿ ಪದಕಗಳ ಸುರಿಮಳೆ. ಹದಿನೈದಕ್ಕೆ ಬರುವಷ್ಟರಲ್ಲಿ ಒಮ್ಮೆಲೇ ಬರಗಾಲ. ಹುಡುಗಿ ಸೋಮಾರಿಯಾದಳೆಂದು ತರಬೇತುದಾರರು, ಓದಿನ ಕಡೆ ಗಮನ ಹೋಯಿತೆಂದು ತಾಯಿ, ಇನ್ನು ಸಾಕು ಬಿಡಿಸಿಬಿಡೋಣವೆಂದು ಅಜ್ಜಿ. ಈ ಮೂರು ತೀರ್ಪುಗಳಲ್ಲಿ ಯಾವುದೂ ಸಾಮಾನ್ಯವಾಗಿ ಸರಿಯಲ್ಲ.

ಕಿರಿಯರ ವಿಭಾಗದಲ್ಲಿ ಮಿಂಚಿದ ಬಾಲಕಿಯರಲ್ಲಿ ಯಾರು ಹಿರಿಯರ ಕಣದಲ್ಲಿ ನಿಲ್ಲಬಲ್ಲರು, ಯಾರು ನಿಲ್ಲಲಾರರು ಎಂಬ ಪ್ರಶ್ನೆಯನ್ನು ಜಗತ್ತಿನಲ್ಲಿ ಅತಿ ತೀವ್ರವಾಗಿ ಚರ್ಚಿಸಿರುವುದು ಫಿಗರ್ ಸ್ಕೇಟಿಂಗ್ ಎಂಬ ಹಿಮದ ಮೇಲಿನ ಕ್ರೀಡೆಯಲ್ಲಿ. ನಮ್ಮ ದೇಶದಲ್ಲಿ ಹಿಮದ ಅಂಗಳಗಳು ಬೆರಳೆಣಿಕೆಯಷ್ಟೇ. ಶಿಮ್ಲಾದಲ್ಲಿ 1920ರಿಂದಲೂ ನೈಸರ್ಗಿಕ ಹಿಮದ ಅಂಗಳವೊಂದಿದೆ. ಡೆಹರಾಡೂನಿನಲ್ಲಿ 2011ರ ದಕ್ಷಿಣ ಏಷ್ಯಾ ಚಳಿಗಾಲದ ಕ್ರೀಡೆಗಳಿಗಾಗಿ ಕಟ್ಟಿದ ಅಂಗಳವಿದೆ. ನಮ್ಮ ಮಕ್ಕಳು ಬಲ್ಲದ್ದು ಗಾಲಿಯ ಸ್ಕೇಟಿಂಗ್. ಆದರೂ ಆ ಹಿಮದ ಕ್ರೀಡೆಯ ಅನುಭವದಿಂದ ನಮ್ಮ ಈಜುಗಾರ್ತಿಯರ ತಾಯ್ತಂದೆಯರು ತಿಳಿಯಬೇಕಾದದ್ದು ಬಹಳಷ್ಟಿದೆ. ಹೋಲಿಕೆಯಿಂದ ಮಾತ್ರವಲ್ಲ, ವ್ಯತ್ಯಾಸದಿಂದಲೂ.

ಫಿಗರ್ ಸ್ಕೇಟಿಂಗಿನಲ್ಲಿ ಆಟಗಾರ್ತಿ ಗಾಳಿಯಲ್ಲಿ ನೆಗೆದು ಮೂರು ಅಥವಾ ನಾಲ್ಕು ಸುತ್ತು ತಿರುಗಿ ಒಂದೇ ಕಾಲಿನ ಮೇಲೆ ಇಳಿಯಬೇಕು. ಗಾಳಿಯಲ್ಲಿರುವ ಸಮಯ ಒಂದು ಸೆಕೆಂಡಿಗಿಂತಲೂ ಕಡಿಮೆ. ಹೆಚ್ಚೆಂದರೆ ಅದರ ಮೂರನೆಯ ಎರಡು ಪಾಲು. ಅಷ್ಟರೊಳಗೆ ನಾಲ್ಕು ಸುತ್ತು ಮುಗಿಯಬೇಕಾದರೆ ಸೆಕೆಂಡಿಗೆ ಐದಾರು ಸುತ್ತಿನ ವೇಗ ಬೇಕು. ಮಕ್ಕಳು ಕೈಚಾಚಿ ಗಿರಗಿರನೆ ತಿರುಗುತ್ತ ಥಟ್ಟನೆ ಕೈಗಳನ್ನು ಎದೆಗೆ ಒತ್ತಿಕೊಂಡರೆ ವೇಗ ಹೆಚ್ಚುವುದನ್ನು ಎಲ್ಲರೂ ಕಂಡಿದ್ದಾರೆ. ದೇಹದ ತೂಕ ನಡುವಿನ ಅಕ್ಷಕ್ಕೆ ಎಷ್ಟು ಹತ್ತಿರವಿದ್ದರೆ ತಿರುಗುವುದು ಅಷ್ಟು ಸುಲಭ. ಸೊಂಟ, ಭುಜಗಳು ಇನ್ನೂ ಅಗಲವಾಗದ ಹನ್ನೆರಡು ಹದಿಮೂರರ ಬಾಲಕಿಗೆ ಈ ಸೌಲಭ್ಯ ಪ್ರಕೃತಿಯೇ ಕೊಟ್ಟದ್ದು. ಮೈನೆರೆದ ನಂತರ ಎತ್ತರ ಬೆಳೆಯುತ್ತದೆ, ಸೊಂಟ ಅಗಲವಾಗುತ್ತದೆ, ದೇಹದಲ್ಲಿ ಕೊಬ್ಬಿನ ಪಾಲು ಹೆಚ್ಚುತ್ತದೆ. ಇದು ರೋಗವಲ್ಲ, ದೋಷವಲ್ಲ, ಸ್ತ್ರೀದೇಹದ ಧರ್ಮ. ಆದರೆ ಅದೇ ನೆಗೆತಕ್ಕೆ ಈಗ ಮೊದಲಿಗಿಂತ ಹೆಚ್ಚು ಬಲ ಬೇಕಾಗುತ್ತದೆ. ಬಲ ಬರಲು ಒಂದೆರಡು ವರ್ಷ ಹಿಡಿಯುತ್ತದೆ. ಆ ನಡುವಿನ ಕಾಲವೇ ಬರಗಾಲ.

ಈ ಹಿನ್ನೆಲೆಯಲ್ಲಿ ಕೆಲವರ ಕಥೆಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡುವುದು ಉಪಯುಕ್ತ. ಜಪಾನಿನ ಮಿಕಿ ಆಂಡೋ 2002ರಲ್ಲಿ, ತನ್ನ ಹದಿನಾಲ್ಕನೆಯ ವಯಸ್ಸಿನಲ್ಲಿ, ಕಿರಿಯರ ಸ್ಪರ್ಧೆಯೊಂದರಲ್ಲಿ ನಾಲ್ಕು ಸುತ್ತಿನ ನೆಗೆತವನ್ನು ಸಾಧಿಸಿದ ಮೊದಲ ಮಹಿಳೆಯೆನಿಸಿದಳು. ಆಕೆ ಹಿರಿಯರ ವಿಶ್ವ ಚಾಂಪಿಯನ್ ಆದದ್ದು 2007 ಮತ್ತು 2011ರಲ್ಲಿ. ಎರಡು ಬಾರಿಯೂ ಆ ನೆಗೆತವಿಲ್ಲದೆಯೇ. ಅದೇ ದೇಶದ ಮಾವೋ ಅಸಾಡಾ ಮತ್ತು ಕೊರಿಯಾದ ಕಿಮ್ ಯು-ನಾ 1990ರ ಸೆಪ್ಟೆಂಬರಿನಲ್ಲಿ ಕೆಲವೇ ದಿನಗಳ ಅಂತರದಲ್ಲಿ ಹುಟ್ಟಿದವರು. 2005ರ ಕಿರಿಯರ ವಿಶ್ವಸ್ಪರ್ಧೆಯಲ್ಲಿ ಅಸಾಡಾ ಮೊದಲು, ಕಿಮ್ ಎರಡನೆಯವಳು. 2006ರಲ್ಲಿ ಅದು ತಲೆಕೆಳಗಾಯಿತು. ವಯಸ್ಸಿನ ಮಿತಿಗೆ 87 ದಿನ ಕಡಿಮೆಯಿದ್ದುದರಿಂದ ಅಸಾಡಾಗೆ 2006ರ ಟ್ಯೂರಿನ್ ಒಲಿಂಪಿಕ್ಸಿನ ಬಾಗಿಲು ಮುಚ್ಚಿತ್ತು. ಆಗ ಜಪಾನಿನ ಅಭಿಮಾನಿಗಳು ಬಹಳ ಪರಿತಪಿಸಿದರು. ಆದರೆ ಇಬ್ಬರೂ 2010ರ ವ್ಯಾಂಕೂವರಿನಲ್ಲಿ ಹತ್ತೊಂಬತ್ತರ ತರುಣಿಯರಾಗಿ ಎದುರಾದಾಗ ಕಿಮ್‌ಗೆ ಚಿನ್ನ, ಅಸಾಡಾಗೆ ಬೆಳ್ಳಿ ದೊರೆತವು. ಅಸಾಡಾ 2014ರಲ್ಲಿಯೂ ವಿಶ್ವ ಚಾಂಪಿಯನ್ ಆದಳು. ಕಾಯಿಸಿದ್ದರಿಂದ ಆಕೆ ಕಳೆದುಕೊಂಡದ್ದು ಹೆಚ್ಚೋ, ಉಳಿಸಿಕೊಂಡದ್ದು ಹೆಚ್ಚೋ ಎಂದು ಲೆಕ್ಕ ಹಾಕಿದರೆ ಜಮೆಯ ಕಡೆಯೇ ಭಾರವೆನಿಸುತ್ತದೆ.

ಮತ್ತೊಂದು ಕಡೆ ರಷ್ಯದ ಯೂಲಿಯಾ ಲಿಪ್ನಿಟ್ಸ್ಕಾಯಾ. 2012ರ ಕಿರಿಯರ ವಿಶ್ವ ಚಾಂಪಿಯನ್; 2014ರ ಸೋಚಿ ಒಲಿಂಪಿಕ್ಸಿನ ತಂಡಸ್ಪರ್ಧೆಯಲ್ಲಿ ಹದಿನೈದರ ವಯಸ್ಸಿನಲ್ಲಿ ಚಿನ್ನ. 2017ರಲ್ಲಿ, ಇನ್ನೂ ಹತ್ತೊಂಬತ್ತರಲ್ಲಿಯೇ, ಆಹಾರವನ್ನು ತಿರಸ್ಕರಿಸುವ ಅನೊರೆಕ್ಸಿಯಾ ಎಂಬ ವ್ಯಾಧಿಗೆ ಚಿಕಿತ್ಸೆ ಪಡೆದು ಆಕೆ ಕ್ರೀಡೆಯಿಂದ ನಿವೃತ್ತಳಾದಳು. ಅದೇ ದೇಶದ ಕಮೀಲಾ ವಲಿಯೆವಾ 2022ರ ಬೀಜಿಂಗಿನಲ್ಲಿ ಹದಿನೈದರ ಬಾಲಕಿ. ಉದ್ದೀಪನ ಮದ್ದಿನ ಪ್ರಕರಣದಲ್ಲಿ ಸಿಲುಕಿ 2024ರ ಜನವರಿಯಲ್ಲಿ ಕ್ರೀಡಾ ನ್ಯಾಯಮಂಡಳಿಯಿಂದ ನಾಲ್ಕು ವರ್ಷಗಳ ನಿಷೇಧಕ್ಕೆ ಗುರಿಯಾದಳು. ಹದಿನೈದರ ಮಗುವಿನ ಸುತ್ತಲೂ ಎಷ್ಟು ಜನ ದೊಡ್ಡವರಿದ್ದರೆಂಬುದನ್ನು ನೆನೆದರೆ ಶಿಕ್ಷೆ ಯಾರಿಗೆ ತಲುಪಬೇಕಾಗಿತ್ತೆಂಬ ಸಂದೇಹ ಮೂಡದಿರದು. 2022ರ ಜೂನಿನಲ್ಲಿ ಅಂತರರಾಷ್ಟ್ರೀಯ ಸ್ಕೇಟಿಂಗ್ ಒಕ್ಕೂಟವು ಥಾಯ್ಲೆಂಡಿನ ಫುಕೆಟ್‌ನಲ್ಲಿ ಸಭೆ ಸೇರಿ, ಹಿರಿಯರ ಸ್ಪರ್ಧೆಯ ಕನಿಷ್ಠ ವಯಸ್ಸನ್ನು ಹದಿನೈದರಿಂದ ಹಂತಹಂತವಾಗಿ ಹದಿನೇಳಕ್ಕೆ ಏರಿಸಲು ನಿರ್ಣಯಿಸಿತು. ಪರವಾಗಿ 100 ಮತ, ವಿರುದ್ಧ 16.

ಅಮೆರಿಕದ ಅಲಿಸಾ ಲಿಯು ಈ ಎರಡೂ ಬಗೆಗೆ ಸೇರದವಳು. 2019ರಲ್ಲಿ ಹದಿಮೂರರ ವಯಸ್ಸಿನಲ್ಲೇ ಆ ದೇಶದ ಹಿರಿಯರ ಚಾಂಪಿಯನ್ ಆದ ಈಕೆ 2022ರಲ್ಲಿ, ಹದಿನಾರಕ್ಕೇ, ಸಾಕೆಂದು ಕ್ರೀಡೆಯನ್ನು ಬಿಟ್ಟಳು. ಎರಡು ವರ್ಷ ಸಾಮಾನ್ಯ ಹುಡುಗಿಯಂತೆ ಓದು, ತಿರುಗಾಟಗಳಲ್ಲಿ ಕಳೆದು 2024ರಲ್ಲಿ ಮರಳಿದಳು. 2025ರ ಮಾರ್ಚಿನಲ್ಲಿ ಬಾಸ್ಟನ್ನಿನಲ್ಲಿ ವಿಶ್ವ ಚಾಂಪಿಯನ್ ಆದಳು. ಬಿಟ್ಟರೆ ಎಲ್ಲ ಮುಗಿಯಿತು ಎಂದು ಭಯಪಡುವ ತಂದೆಯಂದಿರು ಈ ಉದಾಹರಣೆಯನ್ನು ನೆನಪಿನಲ್ಲಿಡಬಹುದು.

ಇನ್ನು ನಮ್ಮ ನಾಡಿನ ಕಡೆಗೆ. ಕರ್ನಾಟಕದ ಬಾಲಕಿಯರು ಕಿರಿಯರ ಕಣದಿಂದ ಹಿರಿಯರ ಕಣಕ್ಕೆ ದಾಟುವುದನ್ನು ಸ್ಪಷ್ಟವಾಗಿ ಕಾಣಬಹುದಾದದ್ದು ಈಜಿನಲ್ಲಿ. ಬೆಂಗಳೂರಿನ ಬಸವನಗುಡಿಯ ಈಜು ಕೇಂದ್ರದಂತಹ ಸಂಸ್ಥೆಗಳು ದಶಕಗಳಿಂದ ದೇಶದ ತಂಡಕ್ಕೆ ಈಜುಗಾರರನ್ನು ಒದಗಿಸುತ್ತಿವೆ. ಬೆಂಗಳೂರಿನ ತರಬೇತುದಾರರಲ್ಲಿ ನಿಹಾರ್ ಅಮೀನ್ 2015ರಲ್ಲೂ ಪ್ರದೀಪ್ ಕುಮಾರ್ 2016ರಲ್ಲೂ ದ್ರೋಣಾಚಾರ್ಯ ಪ್ರಶಸ್ತಿಗೆ ಪಾತ್ರರಾದರು.

ನಿಶಾ ಮಿಲ್ಲೆಟ್ 1982ರಲ್ಲಿ ಹುಟ್ಟಿದವರು. 1999ರ ಇಂಫಾಲದ ರಾಷ್ಟ್ರೀಯ ಕ್ರೀಡೆಗಳಲ್ಲಿ ಹದಿನಾಲ್ಕು ಚಿನ್ನ ಗಳಿಸಿ, 2000ದ ಸಿಡ್ನಿ ಒಲಿಂಪಿಕ್ಸಿನಲ್ಲಿ 200 ಮೀಟರ್ ಫ್ರೀಸ್ಟೈಲಿನಲ್ಲಿ ದೇಶವನ್ನು ಪ್ರತಿನಿಧಿಸಿದರು. ಅರ್ಜುನ ಪ್ರಶಸ್ತಿಯೂ ಬಂದಿತು. ಅನಂತರ ಬೆನ್ನಿನ ಶಸ್ತ್ರಚಿಕಿತ್ಸೆ. 2004ರ ಅಥೆನ್ಸ್ ಅವರ ಕೈತಪ್ಪಿತು. ಅಥೆನ್ಸಿಗೆ ಹೋದವರು ಶಿಖಾ ಟಂಡನ್, ಆಗ ಹತ್ತೊಂಬತ್ತು ವರ್ಷ. 50 ಮತ್ತು 100 ಮೀಟರ್ ಫ್ರೀಸ್ಟೈಲ್ ಎರಡರಲ್ಲೂ ಈಜಿದರು. 2005ರಲ್ಲಿ ಅರ್ಜುನ ಪ್ರಶಸ್ತಿ ಪಡೆದ ಅವರು ಈಜಿನ ಜೊತೆಗೆ ಜೀವಶಾಸ್ತ್ರದ ಓದನ್ನು ಕೈಬಿಡಲಿಲ್ಲ. ಮುಂದೆ ಅಮೆರಿಕದ ಉದ್ದೀಪನ ಮದ್ದು ತಡೆ ಸಂಸ್ಥೆಯಲ್ಲಿ ಕೆಲಸ ಮಾಡಿದರು. ಕೊಳದಿಂದ ಮೇಲೆ ಬಂದ ಮೇಲೂ ಬಾಳು ಇರುತ್ತದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ಈಗಿನ ಪೀಳಿಗೆಯಲ್ಲಿ ಧಿನಿಧಿ ದೇಸಿಂಗು. 2010ರ ಮೇ ತಿಂಗಳಲ್ಲಿ ಜನನ. 2023ರಲ್ಲಿ ಹಾಂಗ್‌ಝೌ ಏಷ್ಯಾ ಕ್ರೀಡೆಗಳಿಗೆ ಹದಿಮೂರರಲ್ಲಿ, 2024ರ ಪ್ಯಾರಿಸ್ ಒಲಿಂಪಿಕ್ಸಿಗೆ ಹದಿನಾಲ್ಕರಲ್ಲಿ. ಪ್ಯಾರಿಸಿಗೆ ಹೋದ ಭಾರತೀಯ ದಂಡಿನಲ್ಲೇ ಅತಿ ಕಿರಿಯಳು. 200 ಮೀಟರ್ ಫ್ರೀಸ್ಟೈಲಿನಲ್ಲಿ 2 ನಿಮಿಷ 6.96 ಸೆಕೆಂಡುಗಳಲ್ಲಿ ಈಜಿ 23ನೆಯ ಸ್ಥಾನ ಪಡೆದಳು. 2025ರ ಆರಂಭದಲ್ಲಿ ಉತ್ತರಾಖಂಡದ ರಾಷ್ಟ್ರೀಯ ಕ್ರೀಡೆಗಳಲ್ಲಿ ಒಂಬತ್ತು ಚಿನ್ನ. ಪ್ಯಾರಿಸಿನ ಪ್ರವೇಶ ಅರ್ಹತಾ ಸಮಯದಿಂದ ದೊರೆತದ್ದಲ್ಲ, ಸಾರ್ವತ್ರಿಕ ಕೋಟಾದಲ್ಲಿ ದೊರೆತದ್ದು ಎಂದು ಕೆಲವರು ಮೂಗು ಮುರಿದರು. ಮಾತು ನಿಜ, ಆದರೆ ಮೂಗು ಮುರಿಯುವ ಅಗತ್ಯವಿರಲಿಲ್ಲ. ಹದಿನಾಲ್ಕರ ಬಾಲಕಿಯ ಮಟ್ಟಿಗೆ ಅಲ್ಲಿನ 23ನೆಯ ಸ್ಥಾನ ಫಲಿತಾಂಶವಲ್ಲ, ಬಿತ್ತನೆ. ಇವಳಿಗಿಂತಲೂ ಚಿಕ್ಕ ವಯಸ್ಸಿನಲ್ಲಿ ಒಲಿಂಪಿಕ್ಸಿಗೆ ಹೋದ ಭಾರತೀಯಳು ಕಲ್ಕತ್ತೆಯ ಆರತಿ ಸಾಹಾ. 1952ರ ಹೆಲ್ಸಿಂಕಿಯಲ್ಲಿ ಆಕೆಗೆ ಹನ್ನೊಂದು ವರ್ಷ. ಆಕೆಯ ಹೆಸರು ಇಂದಿಗೂ ಉಳಿದಿರುವುದು ಹೆಲ್ಸಿಂಕಿಯಿಂದಲ್ಲ, ಹತ್ತೊಂಬತ್ತನೆಯ ವಯಸ್ಸಿನಲ್ಲಿ, 1959ರ ಸೆಪ್ಟೆಂಬರ್ 29ರಂದು, ಇಂಗ್ಲಿಷ್ ಕಡಲ್ಗಾಲುವೆಯನ್ನು ಈಜಿ ದಾಟಿದ್ದರಿಂದ.

ಈಜಿಗೂ ಹಿಮದ ನೆಗೆತಕ್ಕೂ ಇರುವ ಮುಖ್ಯ ವ್ಯತ್ಯಾಸವನ್ನು ಇಲ್ಲಿ ಗಮನಿಸಬೇಕು. ನೀರಿನಲ್ಲಿ ದೇಹದ ತೂಕವನ್ನು ನೀರೇ ಹೊರುತ್ತದೆ. ಎತ್ತರ ಬೆಳೆದರೆ, ತೋಳು ನೀಳವಾದರೆ, ಒಂದೊಂದು ಹೊಡೆತಕ್ಕೂ ಸಾಗುವ ದೂರ ಹೆಚ್ಚುತ್ತದೆ. ಆದ್ದರಿಂದ ಮೈನೆರೆಯುವಿಕೆ ಈಜುಗಾರ್ತಿಗೆ ಸ್ಕೇಟರಿನಷ್ಟು ಶತ್ರುವಲ್ಲ. ಸ್ವಲ್ಪ ತಾಳ್ಮೆಯಿದ್ದರೆ ಮಿತ್ರನೂ ಹೌದು. ಅಮೆರಿಕದ ಕೇಟಿ ಲೆಡೆಕಿ 2012ರ ಲಂಡನ್ನಿನಲ್ಲಿ ಹದಿನೈದರಲ್ಲಿ 800 ಮೀಟರಿನ ಚಿನ್ನ ಗೆದ್ದವಳು, 2025ರ ಸಿಂಗಾಪುರದ ವಿಶ್ವಸ್ಪರ್ಧೆಯಲ್ಲಿ ಇಪ್ಪತ್ತೆಂಟರಲ್ಲಿಯೂ ಅದೇ ದೂರದಲ್ಲಿ ಚಿನ್ನ ಗೆದ್ದಳು. ಅದೇ ಲಂಡನ್ನಿನಲ್ಲಿ ಹದಿನೇಳರ ವಯಸ್ಸಿಗೆ ನಾಲ್ಕು ಚಿನ್ನ ಗೆದ್ದ ಮಿಸ್ಸಿ ಫ್ರಾಂಕ್ಲಿನ್ ಭುಜದ ನೋವಿನಿಂದ ಬಳಲಿ 2018ರಲ್ಲಿ ಇಪ್ಪತ್ತಮೂರಕ್ಕೆ ನಿವೃತ್ತಳಾದಳು. ಆ ಲಂಡನ್ನಿನ ವರ್ಷ ಇಬ್ಬರನ್ನೂ ತಕ್ಕಡಿಯಲ್ಲಿಟ್ಟಿದ್ದರೆ ಯಾರೂ ಫ್ರಾಂಕ್ಲಿನ್ನಳ ಕಡೆಯೇ ವಾಲುತ್ತಿದ್ದರು. ಪದಕದ ಎಣಿಕೆಯಿಂದ ಭವಿಷ್ಯವನ್ನು ಹೇಳುವುದು ಒಂದು ತಿಂಗಳ ವಹಿವಾಟು ನೋಡಿ ಅಂಗಡಿಗೆ ಸಾಲ ಮಂಜೂರು ಮಾಡಿದಂತೆ.

ಗಂಡುಮಕ್ಕಳ ಮಾತು ಬೇರೆ. ಕೊಲ್ಹಾಪುರದಿಂದ ಬೆಂಗಳೂರಿಗೆ ಹೋಗಿ ನಿಹಾರ್ ಅಮೀನರಲ್ಲಿ ಕಲಿತ ವೀರಧವಲ ಖಾಡೆ ಹದಿನಾರರಲ್ಲಿ ಬೀಜಿಂಗ್ ಒಲಿಂಪಿಕ್ಸಿಗೆ ಹೋಗಿ, 2010ರ ಏಷ್ಯಾ ಕ್ರೀಡೆಗಳಲ್ಲಿ ಕಂಚು ತಂದರು. ಹುಡುಗರಿಗೆ ಆ ವಯಸ್ಸು ಸ್ನಾಯುಬಲವನ್ನು ತಾನಾಗಿ ತಂದುಕೊಡುತ್ತದೆ. ಹುಡುಗಿಯರಿಗೆ ಅದನ್ನು ದುಡಿದು ಗಳಿಸಬೇಕಾಗುತ್ತದೆ. ಅಣ್ಣನ ಅಳತೆಗೋಲಿನಿಂದ ತಂಗಿಯನ್ನು ಅಳೆಯಬಾರದು.

ಒಂದೇ ವಯಸ್ಸಿನ ಇಬ್ಬರು ಹುಡುಗಿಯರನ್ನು ಹೋಲಿಸುವಾಗಲೂ ಎಚ್ಚರ ಬೇಕು. ಜನನಪತ್ರದ ವಯಸ್ಸೊಂದು, ದೇಹದ ವಯಸ್ಸೊಂದು. ಹುಡುಗಿಯರು ಅತಿ ವೇಗವಾಗಿ ಎತ್ತರ ಬೆಳೆಯುವುದು ಸರಾಸರಿ ಹನ್ನೊಂದೂವರೆ ಹನ್ನೆರಡರ ಸುಮಾರಿಗೆ. ಮೊದಲ ಮುಟ್ಟು ಅದಾದ ಒಂದು ವರ್ಷದ ಆಚೀಚೆ. ಆದರೆ ಇದರಲ್ಲಿ ಎರಡು ಮೂರು ವರ್ಷಗಳ ಹೆಚ್ಚುಕಡಿಮೆ ತೀರ ಸಹಜ. ಬೇಗ ಬೆಳೆದವಳು ಹನ್ನೆರಡರ ಈಜಿನಲ್ಲಿ ಎಲ್ಲರನ್ನೂ ಹಿಂದಿಕ್ಕುತ್ತಾಳೆ, ಏಕೆಂದರೆ ಅವಳು ಹದಿನಾಲ್ಕರ ದೇಹದಿಂದ ಈಜುತ್ತಿರುತ್ತಾಳೆ. ತಡವಾಗಿ ಬೆಳೆದವಳು ಹದಿನಾರಕ್ಕೆ ಅವಳನ್ನು ಹಿಡಿಯುತ್ತಾಳೆ, ಅಷ್ಟರವರೆಗೆ ಯಾರೂ ಅವಳನ್ನು ಬಿಡಿಸದಿದ್ದರೆ. ಜನವರಿಯಲ್ಲಿ ಹುಟ್ಟಿದವಳಿಗೂ ಡಿಸೆಂಬರಿನಲ್ಲಿ ಹುಟ್ಟಿದವಳಿಗೂ ಒಂದೇ ವಿಭಾಗದಲ್ಲಿ ಹನ್ನೊಂದು ತಿಂಗಳ ಅಂತರವಿರುವುದನ್ನು ಕೂಡ ಮರೆಯುತ್ತೇವೆ. ವಯಸ್ಸಿನ ಸುಳ್ಳು ಪತ್ರಗಳನ್ನು ಹಿಡಿಯಲು ಮಣಿಕಟ್ಟಿನ ಎಕ್ಸ್‌ರೇ ತೆಗೆದು ಮೂಳೆಯ ವಯಸ್ಸನ್ನು ಅಂದಾಜು ಮಾಡುವ ಕ್ರಮ ನಮ್ಮ ದೇಶದ ಕೆಲವು ಕ್ರೀಡೆಗಳಲ್ಲಿದೆ. ಮನೆಯವರಿಗೆ ಅದರ ಅಗತ್ಯವಿಲ್ಲ. ಮೂರು ತಿಂಗಳಿಗೊಮ್ಮೆ ಗೋಡೆಗೆ ನಿಲ್ಲಿಸಿ ಎತ್ತರ ಗುರುತಿಸಿದರೆ ಸಾಕು. ಎತ್ತರ ವೇಗವಾಗಿ ಏರುತ್ತಿರುವ ಅವಧಿಯಲ್ಲಿ ಫಲಿತಾಂಶ ಕುಸಿದರೆ ಗಾಬರಿಯಾಗಬೇಕಿಲ್ಲ. ಆ ಅವಧಿಯಲ್ಲಿ ಮೂಳೆಗಳು ಮುಂದೆ ಓಡಿ ಸ್ನಾಯುಗಳು ಹಿಂದೆ ಉಳಿಯುವುದರಿಂದ ಮಂಡಿ, ಹಿಮ್ಮಡಿ, ಭುಜಗಳ ನೋವು ಹೆಚ್ಚು. ಅಭ್ಯಾಸದ ಹೊರೆಯನ್ನು ತುಸು ಇಳಿಸಬೇಕಾದ ಕಾಲವದು. ನಮ್ಮಲ್ಲಿ ಹೆಚ್ಚಾಗಿ ಏರಿಸುವುದೂ ಆಗಲೇ.

ಇಷ್ಟೆಲ್ಲಕ್ಕಿಂತಲೂ ಗಂಭೀರವಾದ ವಿಷಯವೊಂದಿದೆ. ಅದನ್ನು ನಮ್ಮ ಮನೆಗಳಲ್ಲಿ ಪಿಸುಮಾತಿನಲ್ಲಿಯೂ ಆಡುವುದಿಲ್ಲ. ಕಠಿಣ ಅಭ್ಯಾಸದಲ್ಲಿ ತೊಡಗಿದ ಹುಡುಗಿ ಸಾಲದಷ್ಟು ಉಣ್ಣುತ್ತಿದ್ದರೆ ದೇಹವು ಮೊದಲು ನಿಲ್ಲಿಸುವ ಖರ್ಚು ತಿಂಗಳ ಮುಟ್ಟಿನದು. ಹೃದಯ, ಮೆದುಳುಗಳಿಗೆ ಬೇಕಾದುದನ್ನು ಕಡಿಮೆ ಮಾಡುವಂತಿಲ್ಲವಲ್ಲ! ಮುಟ್ಟು ನಿಂತಿತೆಂದರೆ ಈಸ್ಟ್ರೊಜೆನ್ ಎಂಬ ರಸದೂತ ಕಡಿಮೆಯಾಯಿತೆಂದು ಅರ್ಥ. ಅದು ಕಡಿಮೆಯಾದರೆ ಮೂಳೆಗಳಿಗೆ ಸುಣ್ಣಾಂಶ ಸೇರುವುದು ಕುಂಠಿತವಾಗುತ್ತದೆ. ಉಣಿಸಿನ ಕೊರತೆ, ಮುಟ್ಟಿನ ಲೋಪ, ಮೂಳೆಯ ದೌರ್ಬಲ್ಯ ಈ ಮೂರರ ಕೂಟವನ್ನು ವೈದ್ಯರು 1990ರ ದಶಕದಿಂದಲೇ ಗುರುತಿಸಿದ್ದರು. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲಿ ಇದನ್ನು ಇನ್ನೂ ವಿಸ್ತರಿಸಿ, ಶಕ್ತಿಯ ಕೊರತೆಯಿಂದ ರೋಗನಿರೋಧ, ಹೃದಯ, ಮನಸ್ಸು ಎಲ್ಲವೂ ಬಳಲುತ್ತವೆಂದು ಎಚ್ಚರಿಸಿತು. ಪಂದ್ಯಗಳ ಓಡಾಟದಲ್ಲಿ ಮುಟ್ಟು ಬಾರದಿರುವುದೇ ಅನುಕೂಲವೆಂದು ಭಾವಿಸುವ ತಾಯಂದಿರಿದ್ದಾರೆ. ಅದು ಅನುಕೂಲವಲ್ಲ, ಅಪಾಯದ ಕರೆಗಂಟೆ. ಹದಿನೈದು ತುಂಬಿದರೂ ಮೊದಲ ಮುಟ್ಟು ಬಾರದಿದ್ದರೆ, ಅಥವಾ ಬರುತ್ತಿದ್ದುದು ಮೂರು ತಿಂಗಳು ನಿಂತರೆ, ಪಂದ್ಯದ ದಿನಾಂಕವನ್ನು ನೋಡದೆ ವೈದ್ಯರನ್ನು ಕಾಣಬೇಕು. ಕ್ಯಾಲೆಂಡರಿನ ಮೇಲೆ ಒಂದು ಗುರುತು ಹಾಕುವುದಕ್ಕೆ ಕಾಸು ಖರ್ಚಿಲ್ಲ.

ಮೂಳೆಯ ವಿಷಯದಲ್ಲಿ ಇಷ್ಟು ಕಟ್ಟುನಿಟ್ಟು ಏಕೆಂದರೆ ಅದೊಂದು ರಿಕರಿಂಗ್ ಡಿಪಾಜಿಟ್ ಇದ್ದಂತೆ. ಜೀವಮಾನದ ಮೂಳೆಯ ಬಂಡವಾಳದಲ್ಲಿ ಬಹುಪಾಲು, ಸುಮಾರು ನೂರಕ್ಕೆ ತೊಂಬತ್ತು, ಹದಿನೆಂಟರೊಳಗೇ ಜಮೆಯಾಗಬೇಕು. ಇಪ್ಪತ್ತರ ದಶಕದ ನಂತರ ಹೊಸ ಜಮೆ ಇಲ್ಲ, ಇದ್ದದ್ದನ್ನು ಕಾಪಾಡುವುದಷ್ಟೇ. ಹದಿಮೂರರಿಂದ ಹದಿನೇಳರವರೆಗೆ ಕಂತು ತಪ್ಪಿಸಿದವಳಿಗೆ ದಂಡ ಬೀಳುವುದು ಐವತ್ತೈದರಲ್ಲಿ, ಸೊಂಟ ಮುರಿದಾಗ. ಈಜುಗಾರ್ತಿಯರ ವಿಷಯದಲ್ಲಿ ಮತ್ತೊಂದು ತೊಡಕು: ನೀರು ದೇಹದ ಭಾರವನ್ನು ಹೊರುವುದರಿಂದ ಮೂಳೆಗೆ ಗಟ್ಟಿಯಾಗಲು ಬೇಕಾದ ಪೆಟ್ಟು ದೊರೆಯುವುದಿಲ್ಲ. ಆದಕಾರಣ ವಾರಕ್ಕೆ ಮೂರು ನಾಲ್ಕು ದಿನವಾದರೂ ನೆಲದ ಮೇಲೆ ಹಗ್ಗದಾಟ, ಕುಂಟೆಬಿಲ್ಲೆ, ಓಟ ಇರಬೇಕು. ಕುಂಟೆಬಿಲ್ಲೆಯನ್ನು ಹಳ್ಳಿಯ ಆಟವೆಂದು ಬಿಡಬಾರದು.

ಆಹಾರದ ಬಗ್ಗೆ ಹೇಳುವುದಾದರೆ, ಮಾರ್ಕೆಟ್ ಯಾರ್ಡಿನ ಕನ್ನಡಿಗರಿಗೆ ಡಬ್ಬಿಯ ಪುಡಿಗಳ ಜಾಹೀರಾತು ನೋಡುವ ಪ್ರಮೇಯವೇ ಇಲ್ಲ. ಇಲ್ಲಿ ನಾಚಣಿಯೆಂದು ಮಾರುವ ರಾಗಿಯಲ್ಲಿ ನೂರು ಗ್ರಾಮಿಗೆ ಸುಮಾರು 350 ಮಿಲಿಗ್ರಾಂ ಸುಣ್ಣಾಂಶವಿದೆ. ಬೇರಾವ ಸಾಮಾನ್ಯ ಧಾನ್ಯವೂ ಅದರ ಹತ್ತಿರ ಸುಳಿಯದು. ಜೋಳದ ರೊಟ್ಟಿ, ಶೇಂಗಾ ಚಟ್ನಿ, ಮೊಳಕೆ ಕಾಳು, ಮೊಸರು, ಒಪ್ಪುವವರಿಗೆ ಮೊಟ್ಟೆ, ಮೀನು. ಬೆಳಗಿನ ಐದಕ್ಕೆ ಖಾಲಿ ಹೊಟ್ಟೆಯಲ್ಲಿ ನೀರಿಗಿಳಿದು, ಎಂಟಕ್ಕೆ ಎರಡು ಬಿಸ್ಕತ್ತು ತಿಂದು ಶಾಲೆಗೆ ಓಡುವ ಪದ್ಧತಿಯೇ ದೊಡ್ಡ ಕೇಡು. ಹೊರಡುವ ಮುನ್ನ ಒಂದು ಬಾಳೆಹಣ್ಣು, ಮುಗಿದ ಕೂಡಲೇ ಡಬ್ಬಿಯಲ್ಲಿ ಕಟ್ಟಿಕೊಂಡ ಊಟ ಇರಬೇಕು. ರಕ್ತಹೀನತೆಯನ್ನೂ ನೋಡಿಕೊಳ್ಳಬೇಕು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ಹದಿನೈದರಿಂದ ಹತ್ತೊಂಬತ್ತರ ಹೆಣ್ಣುಮಕ್ಕಳಲ್ಲಿ ನೂರಕ್ಕೆ 59 ಮಂದಿ ರಕ್ತಹೀನರು. ಸೋಮಾರಿಯೆಂದು ಬೈಸಿಕೊಂಡ ಎಷ್ಟು ಹುಡುಗಿಯರಿಗೆ ನಿಜವಾಗಿ ಕಡಿಮೆಯಿದ್ದದ್ದು ಉತ್ಸಾಹವಲ್ಲ, ಹಿಮೋಗ್ಲೋಬಿನ್ ಆಗಿತ್ತೋ! ವರ್ಷಕ್ಕೊಮ್ಮೆಯಾದರೂ ರಕ್ತ ಪರೀಕ್ಷೆ ಮಾಡಿಸುವುದು ಒಳ್ಳೆಯದು. ಕಾಳು, ಸೊಪ್ಪುಗಳ ಮೇಲೆ ನಿಂಬೆ ಹಿಂಡಿದರೆ ಕಬ್ಬಿಣಾಂಶ ಚೆನ್ನಾಗಿ ಹೀರಲ್ಪಡುತ್ತದೆ. ಊಟದ ಜೊತೆಗೇ ಚಹಾ ಕುಡಿದರೆ ಅದು ವ್ಯರ್ಥ. ಬೆಲ್ಲ ತಿಂದರೆ ರಕ್ತ ತುಂಬುತ್ತದೆಂಬ ನಂಬಿಕೆಯನ್ನಷ್ಟೇ ನೆಚ್ಚಿ ಕೂರುವಂತಿಲ್ಲ. ಕೊರತೆ ಕಂಡುಬಂದರೆ ವೈದ್ಯರು ಹೇಳಿದ ಮಾತ್ರೆಯೇ ಬೇಕು.

ತೂಕದ ಬಗ್ಗೆ ಮಾತಾಡುವ ರೀತಿಯೂ ಔಷಧದಷ್ಟೇ ಮುಖ್ಯ. ದಪ್ಪಗಾದೆಯಲ್ಲ ಎಂದು ಎಲ್ಲರೆದುರು ಆಡಿದ ಒಂದು ಮಾತು ಹದಿನಾಲ್ಕರ ಹುಡುಗಿಯ ಅನ್ನವನ್ನು ಕಸಿಯಬಲ್ಲದು. ಪ್ರತಿದಿನ ತೂಕದ ಯಂತ್ರ ಹತ್ತಿಸುವ ತರಬೇತುದಾರರನ್ನು ತಾಯ್ತಂದೆಯರು ವಿನಯದಿಂದಲೇ, ಆದರೆ ಸ್ಪಷ್ಟವಾಗಿ, ತಡೆಯಬೇಕು. ಹತ್ತನೆಯ ತರಗತಿಯ ಪರೀಕ್ಷೆ ಬರುವುದೂ ಇದೇ ಬರಗಾಲದ ವರ್ಷಗಳಲ್ಲಿ. ಆ ವರ್ಷ ಪೂರ್ತಿ ಬಿಡಿಸುವುದಕ್ಕಿಂತ ವಾರಕ್ಕೆ ಮೂರು ದಿನಕ್ಕೆ ಇಳಿಸಿ ನಡೆಸಿಕೊಂಡು ಹೋದವರು ಮರಳಿ ಲಯಕ್ಕೆ ಬರುವುದು ಸುಲಭ.

ಹಾಗಾದರೆ ಮಗಳು ಮುಂದುವರಿಯಬಲ್ಲಳೇ ಎಂಬುದನ್ನು ನೋಡುವುದು ಯಾವುದರಿಂದ? ಅವಳ ಸಮಯವನ್ನು ಪಕ್ಕದವಳ ಸಮಯದೊಡನೆ ಅಲ್ಲ, ಅವಳದೇ ಹಿಂದಿನ ವರ್ಷದ ಸಮಯದೊಡನೆ ಇಟ್ಟು ನೋಡಬೇಕು. ಬಲದಿಂದ ಗೆಲ್ಲುತ್ತಿದ್ದಾಳೋ, ಕೈಯ ಹೊಡೆತದ ಶುದ್ಧಿಯಿಂದ ಗೆಲ್ಲುತ್ತಿದ್ದಾಳೋ ಎಂದು ಅನುಭವಿಗಳನ್ನು ಕೇಳಬೇಕು. ಬಲ ಬಂದು ಹೋಗುತ್ತದೆ, ಶುದ್ಧವಾದ ಶೈಲಿ ಬೆಳೆದ ದೇಹದಲ್ಲಿಯೂ ಉಳಿಯುತ್ತದೆ. ವರ್ಷದಲ್ಲಿ ಎಷ್ಟು ವಾರ ನೋವಿನಿಂದ ಕುಳಿತಿದ್ದಳು ಎಂಬ ಲೆಕ್ಕ ಪದಕಗಳ ಲೆಕ್ಕಕ್ಕಿಂತ ಹೆಚ್ಚು ಹೇಳುತ್ತದೆ. ರಜೆಯ ದಿನವೂ ನೀರಿಗಿಳಿಯಬೇಕೆಂಬ ಆಸೆ ಅವಳದೋ, ತಂದೆಯದೋ ಎಂಬುದನ್ನು ಮನೆಯವರಲ್ಲದೆ ಬೇರಾರೂ ಹೇಳಲಾರರು.

ಜಪಾನಿನ ಮಾವೋ ಶಿಮಾಡಾ 2023ರಿಂದ 2025ರವರೆಗೆ ಸತತ ಮೂರು ಬಾರಿ ಫಿಗರ್ ಸ್ಕೇಟಿಂಗಿನ ಕಿರಿಯರ ವಿಶ್ವ ಚಾಂಪಿಯನ್ ಆದಳು. 2008ರ ಅಕ್ಟೋಬರಿನಲ್ಲಿ ಹುಟ್ಟಿದವಳಾದ್ದರಿಂದ ಹೊಸ ವಯೋಮಿತಿಯ ಪ್ರಕಾರ 2026ರ ಮಿಲಾನ್ ಒಲಿಂಪಿಕ್ಸ್ ಅವಳಿಗೆ ದೊರೆಯಲಿಲ್ಲ. 2030ರ ಚಳಿಗಾಲದ ಕ್ರೀಡೆಗಳ ವೇಳೆಗೆ ಅವಳಿಗೆ ಇಪ್ಪತ್ತೊಂದು. ಧಿನಿಧಿಗೆ 2028ರ ಲಾಸ್ ಏಂಜಲೀಸಿನಲ್ಲಿ ಹದಿನೆಂಟು. ನಿಶಾ ಮಿಲ್ಲೆಟ್ ಸಿಡ್ನಿಗೆ ಹೋದಾಗಿನ ವಯಸ್ಸೂ ಅದೇ.